ಗುಂಡು ಮುಖಕ್ಕೆ ಕೆಂಪು ಬಣ್ಣ

ಕನ್ನಡಿ ಮುಂದೆ ಕೂತವರಿಗೆ ತಮ್ಮ ಮುಖ ಒಂದನ್ನು ಬಿಟ್ಟು ಊರಲ್ಲಿರೋ ಮುಖವೆಲ್ಲ ಚೆನ್ನಾಗಿ ಕಾಣುತ್ತೆ. ಹಾಗಾಗಿ ಮುಖ ತಿದ್ದೋ ಕಡೆ ವಾರಕ್ಕೊಂದಾದರೂ ಪ್ರಸಂಗ ಆಗದೆ ಇರೋದಿಲ್ಲ. ನಾನು ಹುಡುಕಿಕೊಂಡು ಹೋದವಳಲ್ಲ ನೋಡಿ, ಅವೇ ನನ್ನ ಪರದೆ ಸರಿಸಿಕೊಂಡು ಒಳಗೆ ಬರುತ್ತಿದ್ದವು.

ನಮ್ಮನೆಯವರು ಹಾಸನದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ನಾನು ಮದುವೆಯಾಗಿ ಬಂದಿದ್ದು ಏಕೀಕರಣಕ್ಕೆ ಸ್ವಲ್ಪ ಮುಂಚೆ. ಆಗ ಹೆಣ್ಣು ನೋಡೋಕೆ ಬರೋ ಮೊದಲು ಫೋಟೋ ಕಳಿಸಿ ಅನ್ನೋ ಹೊಸ ಚಾಳಿ ಶುರುವಾಗಿತ್ತು. ಹೆಂಗಸರ ಮುಖ ಗಂಡಸು ಮುಟ್ಟೋ ಹಾಗಿಲ್ಲವಲ್ಲ, ತಲೆ ಬಾಚೋದು, ಪೌಡರ್ ಹಾಕೋದು, ಅತ್ತರೆ ಸಮಾಧಾನ ಮಾಡೋದು, ಹೀಗೆ ಪರದೆ ಹಿಂದಿನ ಕೆಲಸವೆಲ್ಲ ನನ್ನ ಪಾಲಿಗೆ ಬಂತು.

ನಮ್ಮನೆಯವರಿಗೆ ಹಳೇ ಕಾಲದ ಒಂದು ಜಾತಿ ಫಿಲಂ ಮೇಲೆ ಪ್ರಾಣ. ದೊಡ್ಡ ಊರಿನವರೆಲ್ಲ ಅದನ್ನು ಬಿಟ್ಟಾಗಿತ್ತು. ಇವರು ಮಾತ್ರ ಪೆಟ್ಟಿಗೆಗಟ್ಟಲೆ ತಂದು ಮಂಚದ ಕೆಳಗೆ ತುಂಬಿಟ್ಟಿದ್ದರು. ಆ ಫಿಲಂಗೆ ಕೆಂಪು ಬಣ್ಣ ಕಣ್ಣಿಗೇ ಬೀಳುತ್ತಿರಲಿಲ್ಲ. ಕೆಂಪು ಸೀರೆ ಉಟ್ಟು ನಿಂತರೆ ಫೋಟೋದಲ್ಲಿ ಕಪ್ಪು ಸೀರೆ. ತಿಳಿನೀಲಿ ಉಟ್ಟರೆ ಬಿಳಿ ಸೀರೆ. ಅರಿಶಿನ ಹಚ್ಚಿಕೊಂಡು ಬಂದ ಹುಡುಗಿ ಹೊಗೆ ಕುಡಿದ ಗೋಡೆ ಥರ ಬರುತ್ತಿದ್ದಳು. ಅದಕ್ಕೇ ಬಂದವರಿಗೆಲ್ಲ ಮೊದಲು ಮುಖ ತೊಳೆಸೋದೇ ನನ್ನ ಕೆಲಸ.

ಇನ್ನು ನಮ್ಮ ಮನೆಯ ಕಷ್ಟ ಹೇಳಬೇಕು. ನನ್ನ ನಾದಿನಿ, ಇವರ ತಂಗಿ, ಮದುವೆಗೆ ಬಂದು ನಿಂತಿದ್ದಳು. ಗುಣದಲ್ಲಿ ಚಿನ್ನ, ಬಾಯಿ ಮಾತ್ರ ಚೂರಿ. ಮುಖ ಈಗ ತಾನೇ ಕಟ್ಟಿಟ್ಟ ರಾಗಿಮುದ್ದೆಯ ಹಾಗೆ ದುಂಡಗೆ. ನಮಗೇನೋ ಮುದ್ದಾಗಿ ಕಾಣುತ್ತಿದ್ದಳು. ಆದರೆ ಬಂದ ಎರಡು ಗಂಡುಗಳ ಕಡೆಯವರೂ “ಹುಡುಗಿ ಮುಖ ಸ್ವಲ್ಪ ಅಗಲ ಆಯ್ತು” ಅಂತ ಹೇಳಿ ಕಳಿಸಿದರು. ಅದನ್ನು ಕೇಳಿದ ನಮ್ಮತ್ತೆ, “ನನ್ನ ಮಗಳ ಮದುವೆ ಗೊತ್ತಾಗೋ ತನಕ ನಾನು ಕಾಫಿ ಮುಟ್ಟೋದಿಲ್ಲ” ಅಂತ ದೇವರ ಮುಂದೆ ದೀಪ ಹಚ್ಚಿ ಹೇಳಿಬಿಟ್ಟರು. ಹಾಸನದ ಹೆಂಗಸು ಕಾಫಿ ಬಿಟ್ಟರೆ ಏನಾಗುತ್ತೆ ಅಂತ ನಿಮಗೆ ಗೊತ್ತಿರಬೇಕು. ಬೆಳಗಾದರೆ ತಲೆನೋವು, ತಲೆನೋವು ಬಂದರೆ ನನ್ನ ಮೇಲೆ ಸಿಟ್ಟು. ಅವರೂ ಕುಡಿಯಲಿಲ್ಲ, ನಮ್ಮನ್ನೂ ನೆಮ್ಮದಿಯಾಗಿ ಕುಡಿಯೋಕೆ ಬಿಡಲಿಲ್ಲ. ನಾದಿನಿಯ ಮದುವೆ ಮನೆಮಂದಿಗೆಲ್ಲ ಜೀವದ ಪ್ರಶ್ನೆ ಆಗಿಹೋಯಿತು.

೧. ಅತ್ತ ಹುಡುಗಿ

ಹಾಸನದ ಹತ್ತಿರದ ಹಳ್ಳಿಯಿಂದ ಒಬ್ಬ ರೈತರು ಮಗಳನ್ನು ಕರೆದುಕೊಂಡು ಬಂದಿದ್ದರು. ಅವಳದೂ ತುಂಬು ಕೆನ್ನೆಯ ಮುಖ. ನಾನು ತಲೆ ಬಾಚಿ, ಹಣೆಗೆ ಅಗಲವಾಗಿ ಕುಂಕುಮ ಇಟ್ಟು ಕುರ್ಚಿ ಮೇಲೆ ಕೂರಿಸಿದೆ. ಅಷ್ಟರಲ್ಲಿ ಹಾಲು ಉಕ್ಕಿದ ವಾಸನೆ ಬಂತು, ಒಳಗೆ ಓಡಿದೆ.

ನಮ್ಮನೆಯವರು ಕ್ಯಾಮರಾದ ಕರಿ ಬಟ್ಟೆಯೊಳಗೆ ತಲೆ ತೂರಿಸಿದ್ದೇ ತಡ, ಆ ಹುಡುಗಿ ಹೆದರಿ ಅಳೋಕೆ ಶುರು ಮಾಡಿದಳಂತೆ. ಎರಡೂ ಕೈಯಲ್ಲಿ ಹಣೆಯ ಬೆವರು, ಕಣ್ಣೀರು ಎಲ್ಲ ಸೇರಿಸಿ ಒರೆಸಿಕೊಂಡಿದ್ದಾಳೆ. ಹಣೆಯ ಕುಂಕುಮ ಕಿವಿ ಪಕ್ಕದಿಂದ ಬಾಯಿ ತನಕ ಎರಡೂ ಕೆನ್ನೆಗೆ ಇಳಿದುಬಿಟ್ಟಿದೆ. ಬಟ್ಟೆಯೊಳಗೆ ತಲೆಕೆಳಗಾಗಿ ಕಾಣೋ ಮುಖದಲ್ಲಿ ಇವರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? “ಹಾಗೇ ಇರಮ್ಮ, ಉಸಿರು ಬಿಡಬೇಡ” ಅಂದು ಫೋಟೋ ಹೊಡೆದೇಬಿಟ್ಟರು.

ನಾನು ಬಂದು ನೋಡಿದರೆ ಹುಡುಗಿ ಕೋಳಿ ತಿಂದ ನರಿಯ ಹಾಗೆ ಕೂತಿದ್ದಾಳೆ. “ಅಯ್ಯೋ ನಿಮ್ಮ! ಕಣ್ಣಿಲ್ವಾ ನಿಮಗೆ?” ಅಂತ ಕೂಗಿದೆ. ಅಷ್ಟರಲ್ಲಿ ಅವರ ಬಸ್ಸಿಗೆ ಹೊತ್ತಾಗಿತ್ತು, ಹೊರಟುಹೋದರು.

ಫೋಟೋ ತೊಳೆದು ನೋಡಿದರೆ ನಮಗೇ ನಂಬಿಕೆ ಬರಲಿಲ್ಲ. ಕುಂಕುಮ ಬಿದ್ದ ಕಡೆಯೆಲ್ಲ ನೆರಳು. ತುಂಬು ಕೆನ್ನೆ ಎರಡೂ ಆ ನೆರಳಲ್ಲಿ ಅಡಗಿ, ಮೊಟ್ಟೆಯಾಕಾರದ ಎಷ್ಟು ಚೆಂದದ ಮುಖ ಅಂತೀರಿ! ಬೈಸಿಕೊಳ್ಳೋಕೆ ತಯಾರಾಗಿ ಕೂತಿದ್ದೆವು. ಹುಡುಗಿಯ ಅಪ್ಪ ಬಂದು ಫೋಟೋ ನೋಡಿ, ಜೇಬಿಗೆ ಹಾಕಿಕೊಂಡು ಎದ್ದುಹೋದರು. ಮಾರನೇ ವಾರ ಎರಡನೇ ಮಗಳನ್ನು ಕೈಹಿಡಿದು ಕರೆದುಕೊಂಡು ಬಂದರು.

“ಸಾ, ಇವ್ಳೂ ಅಂಗೇ ಬರ್ಬೇಕು. ಒಸಿ ಅಳಿಸ್ಬುಟ್ಟು ತಗೀರಿ ಸಾ.”

೨. ನಾಮ

ಅಲ್ಲಿಂದ ನಮ್ಮ ವಿದ್ಯೆ ಶುರುವಾಯಿತು. ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕೊಡೋದು ನಾದಿನಿ, ಹಚ್ಚೋದು ನಾನು. ಗುಂಡು ಮುಖಕ್ಕೆ ಕಿವಿಯಿಂದ ಬಾಯಿ ಕಡೆಗೆ ಎಳೆಯಬೇಕು. ಚಚ್ಚೌಕ ಮುಖಕ್ಕೆ ದವಡೆಯ ಎರಡು ಮೂಲೆಗೆ. ಉದ್ದ ಮುಖಕ್ಕೆ ಹಣೆಯ ಮೇಲ್ತುದಿಗೆ ಒಂದಿಷ್ಟು, ಕೆಳಗೆ ಗದ್ದಕ್ಕೆ ಒಂದಿಷ್ಟು. ಎತ್ತಿ ತೋರಿಸಬೇಕಾದ ಜಾಗಕ್ಕೆ ಬಿಳೀ ಪೌಡರ್. ಪರದೆ ಹಿಂದೆ ಬಂದು ನೋಡಿದವರಿಗೆ ಕೊಲೆಯಾದ ಹಾಗೆ ಕಾಣುತ್ತಿತ್ತು. ಫೋಟೋದಲ್ಲಿ ಮಾತ್ರ ರೂಪಸಿ.

ತಿಂಗಳಿಗೊಂದು ಸಲ ಕ್ಯಾಮರಾ, ಮೂರು ಕಾಲಿನ ಸ್ಟ್ಯಾಂಡು, ಕೊಳವೂ ಹಂಸವೂ ಬರೆದ ಪರದೆ ಎಲ್ಲವನ್ನೂ ಬಸ್ಸಿನ ಮೇಲೆ ಹಾಕಿಕೊಂಡು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸುತ್ತುತ್ತಿದ್ದೆವು. ಹೊಳೆನರಸೀಪುರದಲ್ಲಿ ಒಂದು ಮನೆಯವರು ಮೊಮ್ಮಗಳ ಫೋಟೋ ತೆಗೆಸೋಕೆ ಕರೆದರು. ಗಂಡಸರೆಲ್ಲ ಹಣೆ ತುಂಬಾ ಮೂರು ಬೆರಳು ವಿಭೂತಿ ಬಳಿಯೋ ಮನೆ. ಹುಡುಗಿಗೆ ಮೂಗು ಸ್ವಲ್ಪ ಚಪ್ಪಟೆ. ಅದಕ್ಕೇನಂತೆ? ಹುಬ್ಬಿನ ನಡುವಿಂದ ಮೂಗಿನ ತುದಿ ತನಕ ಬಿಳೀ ಗೆರೆ ಎಳೆದೆ, ಅದರ ಎರಡು ಪಕ್ಕಕ್ಕೂ ಕೆಂಪು ಗೆರೆ ಎಳೆದೆ.

ಅದೇ ಹೊತ್ತಿಗೆ ಅವಳ ಅಜ್ಜಿ ಒಳಗೆ ಬಂದರು. ಮೊಮ್ಮಗಳ ಮುಖ ನೋಡಿದರು. ನಿಂತಲ್ಲೇ ಕೂಗಿಕೊಂಡರು.

“ಅಯ್ಯಯ್ಯೋ, ಬನ್ರೋ! ಫೋಟೋದೋರು ನಮಗೆ ನಾಮ ಹಾಕ್ಬುಟ್ರು ಕಣ್ರೋ!”

ನಾಮ ಹಾಕೋದು ಅಂದರೆ ಗಂಡಸರ ಕಿವಿಗೆ ಹೇಗೆ ಬೀಳುತ್ತೆ ಹೇಳಿ? ಜಗಲಿಯಲ್ಲಿದ್ದ ಹುಡುಗಿಯ ಚಿಕ್ಕಪ್ಪ ಎದ್ದು ಬಂದು ನಮ್ಮನೆಯವರ ಕೊರಳಪಟ್ಟಿ ಹಿಡಿದ. “ಏನ್ಲಾ, ಏನ್ ತಗೊಂಡೆ? ಬಿಚ್ಚು ಪೆಟ್ಗೆ!”

“ನಾನೇನೂ ತಗೊಂಡಿಲ್ಲ ಸ್ವಾಮಿ! ಇನ್ನೂ ಫೋಟೋನೇ ತಗೊಂಡಿಲ್ಲ!” ಅಂತ ಇವರು ಕೈಮುಗಿದರು.

ಹುಡುಗಿ ಗಾಬರಿಯಾಗಿ ಹೊರಗೆ ಬಂದಳು. ಎಲ್ಲರೂ ಅವಳ ಮೂಗು ನೋಡಿದರು. ಕೊರಳಪಟ್ಟಿ ಹಿಡಿದಿದ್ದ ಕೈ ತಾನಾಗಿ ಸಡಿಲವಾಯಿತು. ಚಿಕ್ಕಪ್ಪ ನಗು ತಡೆಯೋಕಾಗದೆ ಹೊರಗೆ ಹೋದ. ಅಜ್ಜಿ ಮಾತ್ರ ನಗಲಿಲ್ಲ. ಒರೆಸೋಕೆ ಸೆರಗು ಹಿಡಿದುಕೊಂಡು ಬಂದರು. ಹುಡುಗಿ, “ಅಜ್ಜಿ, ಎರಡು ನಿಮಿಷ ಇರ್ಲಿ ಅಜ್ಜಿ, ಈ ಮೂಗಿಂದಾನೇ ಅಲ್ವಾ ಹೋದ ಸಲ ತಪ್ಪಿದ್ದು” ಅಂತ ಅಳುಮುಖ ಮಾಡಿದಳು. ಅಜ್ಜಿಯ ಮನಸ್ಸು ಕರಗಿತು. ಫೋಟೋ ಆಗೋ ತನಕ ಗೋಡೆ ಕಡೆ ತಿರುಗಿಕೊಂಡು ಶಿವಶಿವಾ ಅನ್ನುತ್ತಾ ನಿಂತಿದ್ದರು.

ಮುಂದಿನ ತಿಂಗಳು ಫೋಟೋ ಕೊಟ್ಟೆವು. ಅಜ್ಜಿ ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

“ಮೂಗು ಬಲು ಚೆನ್ನಾಗ್ ಬಂದದೆ. ನಾಮ ಹಾಕಿದ್ರೂ ನೀಟಾಗ್ ಹಾಕಿದ್ದೀಯ ಕಣವ್ವ.”

೩. ಎರಡು ಗಲ್ಲದ ಸಾಹೇಬರು

ಏಕೀಕರಣ ಆದ ಹೊಸತು. ಧಾರವಾಡದ ಕಡೆಯ ಒಬ್ಬ ಸಾಹೇಬರು ಅರಕಲಗೂಡಿಗೆ ವರ್ಗವಾಗಿ ಬಂದಿದ್ದರು. ಅವರ ಹೆಂಡತಿ ನಮ್ಮನ್ನು ಕರೆಸಿ ಬಾಗಿಲಲ್ಲೇ ಹೇಳಿದರು.

“ನಮ್ಮವರ ಮಾರಿ ಭಾಳ ಉದ್ದ ಐತ್ರೀ. ಏನರ ಮಾಡಿ ಸಣ್ಣ ಮಾಡಿಕೊಡ್ರಿ.”

ನಾನು ಹೌಹಾರಿದೆ. ನಮ್ಮ ಕಡೆ ಮಾರಿ ಅಂದರೆ ಊರಾಚೆ ಇರೋ ದೇವರು. ಸಾಹೇಬರು ಮನೆಯಲ್ಲಿ ಮಾರಿ ಇಟ್ಟುಕೊಂಡಿದ್ದಾರಾ, ಅದನ್ನು ಸಣ್ಣ ಮಾಡೋಕೆ ನಾನು ಯಾರು ಅಂತ ನಮ್ಮನೆಯವರ ಮುಖ ನೋಡಿದೆ. ಆಮೇಲೆ ತಿಳಿಯಿತು, ಅವರ ಕಡೆ ಮಾರಿ ಅಂದರೆ ಮುಖ. ನೋಡಿದರೆ ಪಾಪ, ನಿಜವಾಗಿಯೂ ಉದ್ದವೇ ಇತ್ತು.

ಪರಗಂಡಸಿನ ಮುಖ ನಾನು ಮುಟ್ಟೋ ಹಾಗಿಲ್ಲ. ಹಾಗಾಗಿ ನಾನು ಪರದೆಯ ಈಚೆ ಕೂತು ಹೇಳೋದು, ಅವರ ಹೆಂಡತಿ ಆಚೆ ಹಚ್ಚೋದು ಅಂತ ಆಯಿತು. ಗದ್ದ ಅಂದರೆ ಒರಟಾಯಿತೇನೋ, ದೊಡ್ಡ ಮನುಷ್ಯರು, ಸ್ವಲ್ಪ ಮರ್ಯಾದೆಯಾಗಿ ಹೇಳೋಣ ಅಂತ ಗದ್ದಕ್ಕೆ ನಮ್ಮ ಕಡೆ ಇರೋ ಇನ್ನೊಂದು ಹೆಸರು ಹಿಡಿದು “ಗಲ್ಲಕ್ಕೆ ಹಚ್ಚಿ” ಅಂದೆ.

ಆಚೆಯಿಂದ ಕೇಳಿದರು, “ಎರಡೂ ಗಲ್ಲಕ್ಕ ಹಚ್ಚಲೇನ್ರಿ?”

ನನಗೆ ಆಶ್ಚರ್ಯ. ಒಬ್ಬ ಮನುಷ್ಯನಿಗೆ ಎರಡು ಗಲ್ಲ ಹೇಗೆ? ದೊಡ್ಡ ಸಾಹೇಬರು, ಉಂಡು ತಿಂದು ಗಲ್ಲದ ಕೆಳಗೆ ಇನ್ನೊಂದು ಇಳಿದಿರಬೇಕು ಅಂದುಕೊಂಡೆ. “ಎರಡಿದ್ದರೆ ಎರಡಕ್ಕೂ ಹಚ್ಚಿ ಅಮ್ಮ, ಸಂಕೋಚ ಬೇಡ, ಧಾರಾಳವಾಗಿ ಹಚ್ಚಿ.”

ಅವರ ಕಡೆ ಗಲ್ಲ ಅಂದರೆ ಕೆನ್ನೆ ಅಂತ ನನಗೆ ಯಾರು ಹೇಳಬೇಕಿತ್ತು? ಆ ತಾಯಿ ಎರಡು ಕೆನ್ನೆಗೂ ಧಾರಾಳವಾಗಿಯೇ ಬಳಿದರು. ನಮ್ಮನೆಯವರಿಗೆ ಸಾಹೇಬರ ಮುಖ ನೋಡಿ ಅನುಮಾನ ಬಂತಂತೆ. ಆದರೆ ಸರ್ಕಾರಿ ಅಧಿಕಾರಿಗೆ ನಿಮ್ಮ ಕೆನ್ನೆ ಸರಿ ಇಲ್ಲ ಅಂತ ಹೇಳೋ ಧೈರ್ಯ ಯಾರಿಗಿದೆ? ಸುಮ್ಮನೆ ಒತ್ತಿದರು.

ಫೋಟೋದಲ್ಲಿ ಸಾಹೇಬರ ಕೆನ್ನೆ ಎರಡೂ ಒಳಕ್ಕೆ ಹೋಗಿ, ಮುಖ ಇನ್ನೂ ಒಂದು ಗೇಣು ಉದ್ದವಾಗಿತ್ತು. ಮೂರು ತಿಂಗಳು ಜ್ವರ ಬಿದ್ದು ಎದ್ದವರ ಹಾಗೆ ಕಾಣುತ್ತಿದ್ದರು. ನಾವು ಅದನ್ನು ಕಚೇರಿ ಜವಾನನ ಕೈಗೆ ಕೊಟ್ಟು, ಹಿಂದೆ ತಿರುಗಿ ನೋಡದೆ ಬಸ್ಸು ಹತ್ತಿದೆವು.

ಮುಂದಿನ ಸಲ ಅರಕಲಗೂಡಿಗೆ ಕಾಲಿಟ್ಟ ತಕ್ಷಣ ಅದೇ ಜವಾನ ಓಡಿ ಬಂದು, “ಸಾಯೇಬ್ರು ಬರ್ಬೇಕಂತೆ” ಅಂದ. ನಾನು ನಮ್ಮನೆಯವರ ಬೆನ್ನ ಹಿಂದೆ ಅಡಗಿಕೊಂಡೇ ಹೋದೆ. ಹೋಗಿ ನಿಂತರೆ ಸಾಹೇಬರು ನಗುತ್ತಾ ಕೂತಿದ್ದಾರೆ! ಆಗಿದ್ದಿಷ್ಟು. ಆ ಫೋಟೋವನ್ನು ಊರಿಗೆ ಕಳಿಸಿದ್ದಾರೆ. ಅವರ ತಾಯಿ ಅದನ್ನು ನೋಡಿ, ಮಗ ಮೈಸೂರು ಸೀಮೆಯ ಮುದ್ದೆ ಸೇರದೆ ಸೊರಗಿಹೋದ ಅಂತ ಎದೆ ಬಡಿದುಕೊಂಡು ಅತ್ತು, ಬರೋರ ಕೈಯಲ್ಲಿ ಒಂದು ದೊಡ್ಡ ಬುಟ್ಟಿ ಕಳಿಸಿದ್ದಾರೆ. ಕಟಕಟ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗೆ, ತುಪ್ಪ.

ಸಾಹೇಬರು ದನಿ ತಗ್ಗಿಸಿ ನಮ್ಮನೆಯವರಿಗೆ ಹೇಳಿದರು, “ಹೋಳಿಗಿ ಮುಗದಾವ್ರಿ. ಹಂತಾದ ಇನ್ನೊಂದ ಫೋಟೋ ತಗೀರಿ. ಈ ಸಲ ಸ್ವಲ್ಪ ಹೆಚ್ಗೀನ ಹಚ್ಚಲಿ.”

೪. ಫೋಟೋದೋಳು

ಬೂವನಹಳ್ಳಿಯ ಒಬ್ಬ ಮುದುಕಿ ತಾನಾಗಿ ಬಂದು, “ಸಾಯೋ ಮುಂಚೆ ಒಂದ್ ಪಟ ಇರ್ಲಿ ಕಣವ್ವ” ಅಂದಳು. ಹಲ್ಲು ಹೋಗಿ ಕೆನ್ನೆ ಒಳಕ್ಕೆ ಸೇರಿತ್ತು. ಇಲ್ಲಿ ಕೆಂಪಿನ ಕೆಲಸ ಇರಲಿಲ್ಲ. ತಗ್ಗು ಇದ್ದ ಕಡೆಯೆಲ್ಲ ಬಿಳೀ ಪೌಡರ್ ತುಂಬಿದೆ, ಕಣ್ಣ ಕೆಳಗಿನ ಕಪ್ಪಿಗೂ ಮೆತ್ತಿದೆ. ಫೋಟೋದಲ್ಲಿ ನಲವತ್ತರ ಹೆಂಗಸು ಬಂದು ಕೂತಳು. ನನ್ನ ಕೈಗೆ ನಾನೇ ದೃಷ್ಟಿ ತೆಗೆದುಕೊಳ್ಳಬೇಕು, ಹಾಗಿತ್ತು.

ಎಂಟು ದಿನ ಆದಮೇಲೆ ಮುದುಕಿ ಫೋಟೋವನ್ನು ಸೆರಗಲ್ಲಿ ಸುತ್ತಿಕೊಂಡು ಸಿಟ್ಟಿನಿಂದ ಬಂದಳು. “ತಕ್ಕಳವ್ವ ಇದ್ನ. ನನ್ನಂಗಿರೋದು ಕೊಡು.”

“ಯಾಕಜ್ಜಿ, ಚೆನ್ನಾಗಿಲ್ವಾ?”

“ಚೆನ್ನಾಗದೆ, ಅದೇ ರೋಗ. ನಮ್ಮನೆ ಮುದ್ಕ ಒಲಕ್ಕೋಗದ್ನೂ ಬುಟ್ಟು ಇವ್ಳ ಮುಂದೇನೇ ಕುಂತವ್ನೆ. ನಿನ್ನೆ ನಾನು ಊಟಕ್ ಬಾ ಅಂದ್ರೆ, ‘ಮೊದ್ಲು ಅವ್ಳಿಗಿಕ್ಕು’ ಅಂತಾನೆ!”

೫. ಕಾಫಿ ತಂದೋಳು

ಊರೆಲ್ಲ ನಮ್ಮ ಕೈಚಳಕ ಹೊಗಳಿದರೂ ನಮ್ಮತ್ತೆಗೆ ಸಮಾಧಾನ ಇಲ್ಲ. ಕಾಫಿ ಬಿಟ್ಟು ಆಗಲೇ ಒಂದು ವರ್ಷದ ಮೇಲಾಗಿತ್ತು. ಒಂದು ದಿನ ಹಣೆಗೆ ಬಟ್ಟೆ ಬಿಗಿದುಕೊಂಡು ಕೂತು ಶುರು ಮಾಡಿದರು. “ಕಂಡೋರ ಮಕ್ಕಳ ಮುಖ ಎಲ್ಲ ತಿದ್ತೀಯ. ಮನೇ ಮಗಳ ಮುಖ ತಿದ್ದೋಕೆ ನಿನ್ನ ಕೈಗೇನು ಮುಳ್ಳು ಚುಚ್ಚಿದೆಯಾ?”

ನನಗೂ ರೋಷ ಬಂತು. ನಾದಿನಿಯನ್ನು ಕೂರಿಸಿಕೊಂಡು ಕಲಿತ ವಿದ್ಯೆಯನ್ನೆಲ್ಲ ಅವಳ ಮೇಲೆ ಸುರಿದೆ. ಕೆನ್ನೆಗೆ ಕೆಂಪು, ದವಡೆ ಕೆಳಗೆ ಕೆಂಪು, ಮೂಗಿನ ಮೇಲೆ ಪೌಡರ್. ಮುದ್ದೆ ಹೋಗಿ ಮಾವಿನಕಾಯಿ ಬಂತು. ಆ ಫೋಟೋ ದೊಡ್ಡಗದ್ದವಳ್ಳಿ ಕಡೆಯ ಒಂದು ಅನುಕೂಲಸ್ಥರ ಮನೆಗೆ ಹೋಯಿತು. ಅವರು ಆ ವಾರವೇ ಗಾಡಿ ಕಟ್ಟಿಸಿಕೊಂಡು ಬಂದುಬಿಟ್ಟರು.

ನಾದಿನಿ ಸೀರೆ ಉಟ್ಟು, ತಲೆ ತಗ್ಗಿಸಿ, ಎಲ್ಲರಿಗೂ ಕಾಫಿ ಕೊಟ್ಟು ಒಳಗೆ ಹೋದಳು. ಕಾಫಿ ಕುಡಿದರು. ಉಪ್ಪಿಟ್ಟು ತಿಂದರು. ಮಳೆ ಬೆಳೆ ಮಾತಾಡಿದರು. ಒಂದು ಗಂಟೆ ಆಯಿತು, ಏನೂ ಹೇಳೋದಿಲ್ಲ, ಏಳೋದೂ ಇಲ್ಲ. ಕೊನೆಗೆ ಗಂಡಿನ ಅಪ್ಪ ಗಂಟಲು ಸರಿ ಮಾಡಿಕೊಂಡರು.

“ಒತ್ತಾಯ್ತು. ಎಣ್ಣನ್ನ ಕರೀರಲ್ಲ ಮತ್ತೆ.”

“ಆಗಲೇ ಬಂದಿದ್ದಳಲ್ಲ, ಕಾಫಿ ಕೊಟ್ಟವಳು” ಅಂದರು ನಮ್ಮನೆಯವರು.

ಅವರು ಜೇಬಿಂದ ಫೋಟೋ ತೆಗೆದರು. “ಅದು ಕಾಫಿ ತಂದ್ ಎಣ್ಮಗ. ಸರಿ. ನಾವ್ ನೋಡಕ್ ಬಂದಿರದು ಈ ಎಣ್ಣು. ಇದೆಲ್ಲದೆ?”

ನನಗೆ ನೆಲ ಬಿರಿದರೆ ಸಾಕು ಅನ್ನಿಸಿತು. ನಮ್ಮತ್ತೆ ಬಾಗಿಲ ಹಿಂದೆ ಅಲ್ಲೇ ಕುಸಿದು ಕೂತರು. ಆಗ ಅಡುಗೆಮನೆಯಿಂದ ನಾದಿನಿಯ ಗಂಟಲು ಗಟ್ಟಿಯಾಗಿ ಕೇಳಿಸಿತು.

“ಆ ಹುಡುಗಿ ಹೋದ ವಾರ ಮುಖ ತೊಳೆದಾಗ ಬಚ್ಚಲಲ್ಲಿ ಹರಿದು ಹೋದಳು ಅಂತ ಹೇಳಿ ಅಣ್ಣಯ್ಯಾ!”

೬. ದೇವರು ಬಂದಳು

ಬಂದವರ ಮುಂದೆ ಹಾಗೆ ಅಂದಳೇ ಹೊರತು, ಅವರ ಗಾಡಿ ಹೋದಮೇಲೆ ನನ್ನ ತೊಡೆ ಮೇಲೆ ತಲೆ ಇಟ್ಟು ಬಿಕ್ಕಿ ಬಿಕ್ಕಿ ಅತ್ತಳು. “ಅತ್ತಿಗೆ, ಇನ್ನು ನನ್ನ ಫೋಟೋ ತೆಗೀಬೇಡಿ. ನನ್ನನ್ನ ನೋಡಿ ಒಪ್ಪೋರು ಇದ್ದರೆ ಒಪ್ಪಲಿ, ಇಲ್ಲದಿದ್ದರೆ ನಿಮ್ಮ ಬಣ್ಣ ಕಲಸಿಕೊಂಡು ಇಲ್ಲೇ ಇರ್ತೀನಿ” ಅಂದಳು. ಅವಳ ಮುಖ ಕೆಟ್ಟದು ಅಂತ ಅವಳಿಗೇ ನಂಬಿಸಿದವಳು ನಾನೇ ಅಲ್ಲವಾ ಅಂತ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಒಂದು ಸಂಬಂಧ ಬಂತು. ಹುಡುಗ ಸ್ಕೂಲ್ ಮೇಷ್ಟ್ರು, ಒಬ್ಬನೇ ಮಗ, ತುಂಬಾ ಮೆದು. ತಾಯಿ ಮಾತ್ರ ಜೋರು, ದೇವರು ದಿಂಡರು ಅಂತ ಓಡಾಡೋ ಹೆಂಗಸು. ಒಂದು ಫೋಟೋ ಕೊಡಿ, ನೋಡಿ ಆಮೇಲೆ ಬರುತ್ತೀವಿ ಅಂತ ಹೇಳಿಕಳಿಸಿದ್ದರು. ನಾದಿನಿ ಆಗೋದೇ ಇಲ್ಲ ಅಂದಳು. ನಮ್ಮತ್ತೆ, “ಕಾಫಿ ಬಿಟ್ಟಾಯ್ತು, ಇನ್ನು ಅನ್ನ ಬಿಡ್ತೀನಿ” ಅಂದರು. ಅನ್ನ ಬಿಟ್ಟರೆ ಇನ್ನೇನು ಗತಿ? ಇದೇ ಕೊನೇ ಸಲ ಅಂತ ಅವಳಿಂದ ಒಪ್ಪಿಗೆ ತೆಗೆದುಕೊಂಡು, ಚನ್ನರಾಯಪಟ್ಟಣದ ನಮ್ಮ ಸುತ್ತಿಗೆ ಅವಳನ್ನೂ ಕರೆದುಕೊಂಡು ಹೋದೆವು.

ಅಲ್ಲಿ ಒಂದು ಛತ್ರದ ಜಗಲಿಯಲ್ಲಿ ನಮ್ಮ ಠಿಕಾಣಿ. ಬೆಳಗಿನ ಬಿಸಿಲು ಚೆನ್ನಾಗಿತ್ತು. ನಮ್ಮನೆಯವರು ಕಾಫಿ ಕುಡಿಯೋಕೆ ಹೋಟೆಲಿಗೆ ಹೋದರು. ಮನೆಯಲ್ಲಿ ಕುಡಿದರೆ ಅಮ್ಮನ ಕಣ್ಣು ಬೀಳುತ್ತಲ್ಲ, ಊರೂರ ಹೋಟೆಲಲ್ಲಿ ಎರಡೆರಡು ಲೋಟ ಕುಡಿಯುತ್ತಿದ್ದರು. ನಾನು ಒಳಗೆ ನಾದಿನಿಗೆ ಬಣ್ಣ ಹಚ್ಚುತ್ತಿದ್ದೆ. ತಲೆಗೆ ನೀರು ಹಾಕಿಕೊಂಡಿದ್ದಳು, ಕೂದಲು ಬಿಚ್ಚಿತ್ತು. ಎರಡು ಕೆನ್ನೆಗೂ ಕೆಂಪು ಬಳಿದಿದ್ದೆ, ದವಡೆ ಸುತ್ತ ಕೆಂಪು, ಕತ್ತಿನ ತನಕ ಇಳಿಸಿದ್ದೆ. ಮೂಗಿಗೂ ಹಣೆಗೂ ಬಿಳೀ ಪೌಡರ್ ಆಗಿತ್ತು. ಇನ್ನು ತಲೆ ಬಾಚೋದೊಂದೇ ಬಾಕಿ.

ಕಿಟಕಿಯಲ್ಲಿ ನೋಡಿದವಳೇ ನಾದಿನಿ ಚಂಗನೆ ಎದ್ದಳು. ಹೊರಗೆ ಕಟ್ಟಿದ್ದ ನಮ್ಮ ಪರದೆಯನ್ನು ಒಂದು ಹಸು ಬಾಯಿ ಹಾಕಿ ಎಳೆಯುತ್ತಿತ್ತು. ಹಂಸದ ಪಕ್ಕ ಬರೆದಿದ್ದ ಹಸಿರು ಹುಲ್ಲು ಅದಕ್ಕೆ ನಿಜವಾದ ಹುಲ್ಲಿನ ಹಾಗೆ ಕಂಡಿತೋ ಏನೋ. ಆ ಪರದೆ ಹೋದರೆ ನಮ್ಮ ವ್ಯಾಪಾರವೇ ಹೋದ ಹಾಗೆ. “ನೀನು ಹೋಗಬೇಡ ಕಣೇ!” ಅಂತ ನಾನು ಕೂಗೋ ಹೊತ್ತಿಗೆ ಅವಳು ಬೀದಿಯಲ್ಲಿದ್ದಳು. ಬಾಗಿಲ ಪಕ್ಕದ ಬೇವಿನ ಮರದಿಂದ ಒಂದು ಕೊಂಬೆ ಸರಕ್ಕನೆ ಮುರಿದುಕೊಂಡು, ಬಿಚ್ಚುಗೂದಲು ಹಾರಿಸಿಕೊಂಡು, “ಹೇ! ಹೇಏಏ! ಬಿಡೂ!” ಅಂತ ಕಿರುಚುತ್ತಾ ಹಸುವಿನ ಮೇಲೆ ಬಿದ್ದಳು. ಹಸು ಹೆದರಿ ಅವಳ ಕಾಲು ತುಳಿದು ಓಡಿತು. ನೋವಿಗೆ ಇವಳು ಒಂದೇ ಕಾಲಲ್ಲಿ ಕುಣಿಯೋಕೆ ಶುರು ಮಾಡಿದಳು.

ಬೀದಿಯಲ್ಲಿ ನೀರು ತರುತ್ತಿದ್ದ ಹೆಂಗಸರು ಅಲ್ಲಲ್ಲೇ ನಿಂತರು. ಕೆಂಪು ಮುಖ, ಬಿಚ್ಚಿದ ಕೂದಲು, ಕೈಯಲ್ಲಿ ಬೇವಿನ ಸೊಪ್ಪು, ಮೇಲೆ ಕುಣಿತ ಬೇರೆ. ಇನ್ನೇನು ಬೇಕು ಹೇಳಿ? “ಅವ್ವ ಬಂದವ್ಳೆ ಕಣ್ರೇ!” ಅಂತ ಒಬ್ಬಳು ಕೂಗಿದಳು. ಇನ್ನೊಬ್ಬಳು ತನ್ನ ಬಿಂದಿಗೆಯ ನೀರನ್ನೆಲ್ಲ ನಾದಿನಿಯ ಕಾಲಿಗೆ ಸುರಿದಳು. ಅವರ ನಡುವಿಂದ ದೊಡ್ಡ ಮೂಗುಬೊಟ್ಟಿನ ಒಬ್ಬ ಹೆಂಗಸು ನುಗ್ಗಿ ಬಂದು ಉದ್ದಕ್ಕೆ ಅಡ್ಡಬಿದ್ದಳು.

“ತಾಯೀ! ಒಳ್ಳೇ ಒತ್ನಲ್ಲೇ ಸಿಕ್ದೆ ಕಣವ್ವ! ನನ್ನ ಮಗ ಇಸ್ಕೂಲ್ ಮೇಷ್ಟ್ರವ್ನೆ. ಆಸನದ ಫೋಟೋದೋರ ಮನೆ ಎಣ್ಣು ಕೇಳಿವ್ನಿ. ಅವ್ರು ಇಲ್ಲಿಗ್ ಬಂದವ್ರಂತೆ, ಮಾತಾಡ್ಸಾನ ಅಂತ ಓಯ್ತಿದ್ದೆ. ಆ ಎಣ್ಣ ತರ್ಲಾ, ಬ್ಯಾಡ್ವಾ? ಅಪ್ಪಣೆ ಕೊಡವ್ವ!”

ನಾನು ಬಾಗಿಲಲ್ಲಿ ಕಂಬ ಹಿಡಿದುಕೊಂಡು ನಿಂತಿದ್ದೆ. ಹುಡುಗನ ತಾಯಿಯೇ ಕಾಲಿಗೆ ಬಿದ್ದಿದ್ದಾಳೆ, ಇವಳು ಅಯ್ಯೋ ನಾನು ದೇವರಲ್ಲ ಅಂದುಬಿಟ್ಟರೆ ಈ ಸಂಬಂಧವೂ ಹೋಯಿತು, ಊರ ಮುಂದೆ ಮಾನವೂ ಹೋಯಿತು. ನಾದಿನಿ ಕುಣಿಯೋದು ನಿಲ್ಲಿಸಿದಳು. ಕೆಳಗೆ ಬಿದ್ದಿದ್ದ ಹೆಂಗಸನ್ನು ನೋಡಿದಳು. ನನ್ನನ್ನು ಒಂದು ಸಲ ನೋಡಿದಳು. ನಾನು ಬೇಡ ಅಂತ ತಲೆ ಆಡಿಸಿದೆ. ನನ್ನ ಮಾತು ಅವಳು ಯಾವತ್ತು ಕೇಳಿದ್ದಳು?

ಕಣ್ಣು ಮೇಲಕ್ಕೆ ಹಾಕಿ, ಬೇವಿನ ಕೊಂಬೆಯಿಂದ ಆ ಹೆಂಗಸಿನ ಬೆನ್ನಿಗೆ ಪಟಪಟ ಬಡಿದು ಗುಡುಗಿದಳು.

“ತಕ್ಕಾ ಓಗು! ತಕ್ಕಾ ಓಗು! ಆ ಎಣ್ಣು ನಿನ್ನ ಮನೆ ತುಂಬ್ತಾಳೆ!”

“ಆಗ್ಲಿ ತಾಯಿ!”

“ಫೋಟೋ ಕೇಳ್ಬ್ಯಾಡಾ! ಫೋಟೋ ಸುಳ್ಳು!”

“ಕೇಳಾಕಿಲ್ಲ ತಾಯಿ!”

“ಗುಂಡು ಮುಖದೋಳು ಬತ್ತಾಳೆ! ಮುಖ ಅಗಲ ಅಂದೋರ ನಾಲ್ಗೆ ಸೇದೋಗ್ಲೀ!”

“ತಪ್ಪಾಯ್ತು ತಾಯಿ!” ಅಂತ ಏನೂ ಅನ್ನದೇ ಇದ್ದ ಆಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

ಇಷ್ಟು ಹೇಳಿ ಮುಗಿಸೋದು ಹೇಗೆ ಅಂತ ಗೊತ್ತಾಗದೆ ನಾದಿನಿ ತೂರಾಡಿಕೊಂಡು ಬಾಗಿಲ ತನಕ ಬಂದು ನನ್ನ ಮೇಲೆ ದೊಪ್ಪನೆ ಬಿದ್ದಳು. ಬಿದ್ದು ನನ್ನ ಕಿವಿಯಲ್ಲಿ, “ಅತ್ತಿಗೆ, ಬೇಗ ಒಳಗೆ ಎಳ್ಕೊಂಡು ಹೋಗಿ, ಹಸು ತುಳಿದು ಹೆಬ್ಬೆರಳು ಹೋಗಿದೆ” ಅಂದಳು. ನಾನು ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಬಾಯಿಗೆ ಸೆರಗು ತುರುಕಿಕೊಂಡು, ನಕ್ಕೆವೋ ಅತ್ತೆವೋ ನನಗೆ ಈಗಲೂ ತಿಳಿಯದು.

ಮಾರನೇ ವಾರವೇ ಆಯಮ್ಮ ಮಗನನ್ನು ಕರೆದುಕೊಂಡು ಹಾಸನಕ್ಕೆ ಬಂದರು. ನಾದಿನಿ ಬರೀ ಮುಖದಲ್ಲಿ, ಪೌಡರ್ ಕೂಡ ಇಲ್ಲದೆ, ಸ್ವಲ್ಪ ಕುಂಟುತ್ತಾ ಬಂದು ನಿಂತಳು. ಆಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಕಾಲಿನ ಹೆಬ್ಬೆರಳಿನ ಪಟ್ಟಿಯನ್ನೂ ನೋಡಿದರು. “ಒಪ್ಗೆ” ಅಂದರು, ಅಷ್ಟೆ. ಮೇಷ್ಟ್ರು ನಾಚಿಕೊಂಡು ನೆಲ ನೋಡುತ್ತಿದ್ದವರು ಒಂದೇ ಒಂದು ಸಲ ತಲೆ ಎತ್ತಿ, ಅವಳ ಮುಖ ನೋಡಿ ನಕ್ಕರು. ನಮ್ಮತ್ತೆ ಸೀದಾ ಅಡುಗೆಮನೆಗೆ ಹೋಗಿ ನಿಂತುಕೊಂಡೇ ಮೂರು ಲೋಟ ಕಾಫಿ ಕುಡಿದರು.

ಮದುವೆ ಆಯಿತು. ಸಂಸಾರ ಚೆನ್ನಾಗಿಯೇ ನಡೆಯಿತು. ಆದರೆ ನಾದಿನಿಗೆ ಒಳಗೊಳಗೇ ಒಂದು ಕೊರೆತ. ಸೀಮಂತಕ್ಕೆ ನಾನು ಚನ್ನರಾಯಪಟ್ಟಣಕ್ಕೆ ಹೋದಾಗ ಅವಳು ತಡೆಯೋಕಾಗದೆ, “ದೇವರ ಹೆಸರಲ್ಲಿ ಸುಳ್ಳು ಹೇಳಿ ಬಂದೆ ಅತ್ತಿಗೆ, ಹೊಟ್ಟೇಲಿರೋ ಕೂಸಿಗೆ ಏನಾದರೂ ಆದರೆ?” ಅಂತ ಕಣ್ಣಲ್ಲಿ ನೀರು ಹಾಕಿದಳು. ಹೇಳಿಬಿಡು ಅಂದೆ ನಾನು. ಬಳೆ ತೊಡಿಸುತ್ತಿದ್ದ ಅತ್ತೆಯ ಕೈಹಿಡಿದುಕೊಂಡು ಹೇಳಿಬಿಟ್ಟಳು. “ಅತ್ತೆ, ಅವತ್ತು ಬೀದೀಲಿ ಬಂದಿದ್ದು ದೇವರಲ್ಲ. ನಾನೇ. ತಪ್ಪಾಯ್ತು.”

ಆಯಮ್ಮನ ಕೈ ನಿಲ್ಲಲಿಲ್ಲ, ಇನ್ನೊಂದು ಬಳೆ ಏರಿಸಿದರು.

“ಗೊತ್ತು ಕಣ್ ಸುಮ್ಕಿರವ್ವ. ನೀನು ಬಾಯ್ ತೆಗೆದಾಗ್ಲೇ ಗೊತ್ತಾಯ್ತು. ಬಾಯ್ ಸತ್ತ ನನ್ನ ಮಗನಿಗೆ ಇಂಥೋಳೇ ಬೇಕು ಅಂತ ಅಲ್ಲೇ ಗಟ್ಟಿ ಮಾಡ್ಕಂಡೆ.”

“ಹೆಂಗೆ ಗೊತ್ತಾಯ್ತು ಅತ್ತೆ?”

ಆಯಮ್ಮ ಬಾಗಿಲ ಕಡೆ ನೋಡಿ, ಗಂಡ ಹತ್ತಿರದಲ್ಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ತಮ್ಮ ಮೂಗುಬೊಟ್ಟು ಮುಟ್ಟಿ ತೋರಿಸಿದರು.

“ಇದೆಂಗ್ ಬಂತು ಅಂದ್ಕಂಡೆ? ಈ ಎಂಚಿನ್ ಮನೆ ಎಂಗಾಯ್ತು ಅಂದ್ಕಂಡೆ? ಮದ್ವೆಯಾದಾಗ್ಲಿಂದ ನಿಮ್ಮ ಮಾವನ್ ಮುಂದೆ ವರ್ಸಕ್ ಎರಡ್ ಸಲ ನಂಗೂ ದೇವ್ರು ಬತ್ತಾಳೆ ಕಣ್ ಮಗ. ನಾನಾದ್ರೆ ಬಣ್ಣ ಇಲ್ದೇನೆ ಮಾಡ್ತೀನಿ.”